ಹೊಟ್ಟೆಯ ಮೇಲೆ ಹಗೆ ಸಾಧಿಸಬೇಡ, ಮಗಳೇ

"ಕೈಕಾಲೆಲ್ಲ ತೆಳ್ಳಗೇ ಇದೆ ಮೇಡಂ, ಈ ಕೆಳಹೊಟ್ಟೆ ಒಂದು ಕರಗ್ತಾನೇ ಇಲ್ಲ." ಈ ಮಾತು ನನಗೆ ಬಾಯಿಪಾಠವಾಗಿಬಿಟ್ಟಿದೆ. ಹೇಳುವವಳಿಗೆ ಇಪ್ಪತ್ತೆರಡೋ ಇಪ್ಪತ್ತಾರೋ ವಯಸ್ಸು. ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ. ಮಧ್ಯಾಹ್ನ ಒಂದೇ ಚಪಾತಿ. ಸಂಜೆ ನೂರು ಕ್ರಂಚಸ್. ರಾತ್ರಿ ಉಪವಾಸ. ವಾರ ಕಳೆಯುವಷ್ಟರಲ್ಲಿ ಅಯ್ಯಂಗಾರ್ ಬೇಕರಿಯ ಮುಂದೆ ನಿಂತು ದಿಲ್‌ಪಸಂದ್ ತಿನ್ನುತ್ತಾ ತನಗೆ ತಾನೇ ಶಾಪ ಹಾಕಿಕೊಳ್ಳುವುದು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸಿಯೇ ತಲೆ ನರೆತವಳು ನಾನು. ಆ ಸಲುಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ. ಸ್ವಲ್ಪ ಖಾರವಾದರೂ ಕೇಳಿಸಿಕೊ.

ಕರಗಿಸಬೇಕಾದ್ದು ನಿಜವಾಗಿ ಇದೆಯೋ ಇಲ್ಲವೋ, ಮೊದಲು ಅದನ್ನು ಗೊತ್ತುಮಾಡಿಕೊ. ಕನ್ನಡಿಯನ್ನು ಕೇಳಬೇಡ, ಫೋನಿನ ಕ್ಯಾಮೆರಾವನ್ನಂತೂ ಕೇಳಲೇಬೇಡ. ಟೈಲರ್ ಹತ್ತಿರ ಇರುತ್ತದಲ್ಲ, ಅಂಥದ್ದೊಂದು ಟೇಪು ತಗೋ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಅಳೆ. ಪಕ್ಕೆಲುಬು ಮುಗಿಯುವ ಜಾಗ ಬೆರಳಿಗೆ ಸಿಗುತ್ತದೆ, ಸೊಂಟದ ಮೂಳೆಯ ಮೇಲಂಚೂ ಸಿಗುತ್ತದೆ. ಎರಡರ ನಡುಮಧ್ಯೆ, ಬಟ್ಟೆಯ ಮೇಲಲ್ಲ, ಬರೀ ಚರ್ಮದ ಮೇಲೆ ಟೇಪು ಸುತ್ತು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡ. ಮಾಮೂಲಾಗಿ ಉಸಿರು ಬಿಟ್ಟ ಗಳಿಗೆಯಲ್ಲಿ ಓದು. ಬೆನ್ನಿನ ಕಡೆ ಟೇಪು ಜಾರಿ ಕೆಳಗಿಳಿದಿರುತ್ತದೆ, ಅದನ್ನೊಮ್ಮೆ ಸರಿಮಾಡಿಕೊ. ಭಾರತೀಯ ಹೆಣ್ಣಿಗೆ 80 ಸೆಂ.ಮೀ., ಗಂಡಿಗೆ 90 ಸೆಂ.ಮೀ. ದಾಟಿದರೆ ಎಚ್ಚರ ಎಂದು ವೈದ್ಯರು ಗೆರೆ ಎಳೆದಿದ್ದಾರೆ. ಇನ್ನೊಂದು ಸುಲಭದ ಲೆಕ್ಕವೂ ಇದೆ: ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗೆ ಇರಬೇಕು. ಐದಡಿ ಎರಡಂಗುಲದ ಹುಡುಗಿಗೆ ಅದು 78ರ ಆಸುಪಾಸು.

ನಿನಗೆ 72 ಬಂತು ಅಂತಿಟ್ಟುಕೊ. ಹಾಗಾದರೆ ಕಾಯಿಲೆ ಹೊಟ್ಟೆಯಲ್ಲಿಲ್ಲ. ಹೊಕ್ಕುಳ ಕೆಳಗೆ ಒಂದಿಷ್ಟು ಮೆತ್ತನೆಯ ಉಬ್ಬು ಇರುವುದು, ಕೂತಾಗ ಮಡಿಕೆ ಬೀಳುವುದು ಹೆಣ್ಣು ದೇಹದ ಸಹಜ ರೀತಿ. ಹರೆಯದಲ್ಲಿ ಈಸ್ಟ್ರೋಜನ್ ಹಾರ್ಮೋನು ಕೊಬ್ಬನ್ನು ತೊಡೆ, ಸೊಂಟ, ಚರ್ಮದಡಿಯಲ್ಲಿ ಕೂಡಿಡುತ್ತದೆ. ಬೆರಳಲ್ಲಿ ಹಿಡಿಯಲು ಸಿಗುವ ಈ ಕೊಬ್ಬು ಅಷ್ಟೇನೂ ಕೇಡು ಮಾಡುವುದಲ್ಲ. ಮುಟ್ಟಿನ ಮುಂಚಿನ ವಾರ ಮೈಯಲ್ಲಿ ನೀರು ನಿಂತು ಚೂಡಿದಾರದ ಲಾಡಿ ಬಿಗಿಯಾಗುತ್ತದೆ, ನಾಲ್ಕು ದಿನ ಬಿಟ್ಟರೆ ತಾನೇ ಸಡಿಲವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಜಾಸ್ತಿಯಾದ ಮಾರನೇ ದಿನವೂ ಅದೇ ಕಥೆ. ಬೆಳಿಗ್ಗೆ ಇದ್ದ ಹೊಟ್ಟೆ ಸಂಜೆಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇವೆಲ್ಲವನ್ನೂ ಬೊಜ್ಜು ಅಂತ ಬರೆದಿಟ್ಟುಕೊಂಡು ಊಟ ಬಿಟ್ಟರೆ ನಷ್ಟ ನಿನಗೇ.

ಇನ್ನು 80 ದಾಟಿದವಳಿಗೆ ಹೇಳುವುದು ಬೇರೆ. ನೀನೊಬ್ಬಳೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಳತೆಗಳ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 40 ಹೆಂಗಸರಿಗೆ ಹೊಟ್ಟೆಯ ಬೊಜ್ಜಿದೆ. ಗಂಡಸರಲ್ಲಿ ಅದು ಸುಮಾರು 12. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ಸ್ನೇಹಿತರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಲೇಖನ ಬರೆದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ನೋಡಲಿಕ್ಕೂ ಇಬ್ಬರೂ ತೆಳ್ಳಗೆ. ಮೈಯ ಕೊಬ್ಬು ಅಳೆದರೆ ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2! ನಮ್ಮ ಜನ ಹೊರಗೆ ಸಣಕಲಾಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡಿರಬಲ್ಲರು. ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದಕ್ಕೇ ಬೇರೆಯವರಿಗೆ ಬಿಎಂಐ 25ಕ್ಕೆ ಶುರುವಾಗುವ ಅಧಿಕ ತೂಕ ನಮಗೆ 23ಕ್ಕೇ ಶುರು ಎನ್ನುತ್ತಾರೆ. ಕರುಳು, ಯಕೃತ್ತುಗಳ ಸುತ್ತ ಕೂರುವ ಒಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ದಾರಿ ಮಾಡಿಕೊಡುವುದು.

ಆ ನೂರು ಕ್ರಂಚಸ್ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕಸುಬಿನ ಮಾತು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ದುಡಿಯುವ ಸ್ನಾಯುವಿಗೆ ಬೇಕಾದ ಇಂಧನ ರಕ್ತದಲ್ಲಿ ಬರುತ್ತದೆ. ಆ ರಕ್ತಕ್ಕೆ ಕೊಬ್ಬು ಇಡೀ ಮೈಯಿಂದ ಇಳಿದು ಬರುತ್ತದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ವಾರ ಬರೀ ಹೊಟ್ಟೆಯ ವ್ಯಾಯಾಮ ಮಾಡಿಸಿ ಅಳೆದು ನೋಡಿದರು. ಸ್ನಾಯು ಗಟ್ಟಿಯಾಗಿತ್ತು, ಮೇಲಿನ ಕೊಬ್ಬು ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಯಾವ ಜಾಗದ್ದು ಮೊದಲು ಕರಗಬೇಕೆಂದು ತೀರ್ಮಾನಿಸುವುದು ದೇಹವೇ, ನೀನಲ್ಲ. ಎಷ್ಟೋ ಹುಡುಗಿಯರಿಗೆ ಮುಖ, ತೋಳು ಮೊದಲು ಇಳಿದು ಕೆಳಹೊಟ್ಟೆ ಕೊನೆಗೆ ಇಳಿಯುತ್ತದೆ. ಸಮಾಧಾನದ ಸಂಗತಿ ಎಂದರೆ ಅಪಾಯದ ಒಳಗೊಬ್ಬು ಹೊರಗಿನದಕ್ಕಿಂತ ಬೇಗ ಜಾಗ ಖಾಲಿ ಮಾಡುತ್ತದೆ. ಕನ್ನಡಿ ಏನೂ ಹೇಳದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಹೊಟ್ಟೆಗೆ ಕಟ್ಟಿಕೊಂಡು ಬೆವರಿಳಿಸುವ ಬೆಲ್ಟು, ಗಡಗಡ ನಡುಗಿಸುವ ಯಂತ್ರ ಇವೆಲ್ಲ ನೀರು ಇಳಿಸುತ್ತವೆ, ದುಡ್ಡು ಇಳಿಸುತ್ತವೆ, ಅಷ್ಟೆ.

ಊಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲೇ ಇರುವುದು ಹೂರಣ. ನೀನಿರುವ ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿಯ ತಟ್ಟೆಯನ್ನೊಮ್ಮೆ ಕಣ್ಣಿಟ್ಟು ನೋಡು. ಅನ್ನದ ಗುಡ್ಡ. ಅದರ ಮೇಲೆ ಬೇಳೆ ಹುಡುಕಬೇಕಾದ ತಿಳಿಸಾರು. ಮೂಲೆಯಲ್ಲಿ ಎರಡು ಚಮಚ ಆಲೂಗಡ್ಡೆ ಪಲ್ಯ, ಮೇಲೊಂದು ಹಪ್ಪಳ. ಹೊಟ್ಟೆ ತುಂಬುತ್ತದೆ, ಎರಡು ಗಂಟೆಯೊಳಗೆ ಮತ್ತೆ ಹಸಿವು, ಬೇಕರಿ ಕರೆಯುತ್ತದೆ. ತಪ್ಪು ನಿನ್ನ ಬಾಯಿಚಪಲದ್ದಲ್ಲ, ತಟ್ಟೆಯದು. ಅದರಲ್ಲಿ ಪ್ರೋಟೀನೂ ಇಲ್ಲ, ನಾರೂ ಇಲ್ಲ. ಅನ್ನ ಬಿಡು ಎನ್ನುವುದಿಲ್ಲ. ಗುಡ್ಡವನ್ನು ಅರ್ಧಕ್ಕೆ ಇಳಿಸಿ ಆ ಜಾಗಕ್ಕೆ ಕಾಳು, ತರಕಾರಿ ತಾ. ಹುರುಳಿ, ಹೆಸರು, ಅಲಸಂದೆ, ಕಡಲೆ, ಒಂದು ಬಟ್ಟಲು ಮೊಸರು, ತಿನ್ನುವವಳಾದರೆ ಎರಡು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್; 55 ಕೆ.ಜಿ. ತೂಕದವಳಿಗೆ ದಿನಕ್ಕೆ ಕನಿಷ್ಠ 45 ಗ್ರಾಂ ಬೇಕು.

ನಮ್ಮ ಮಂಡ್ಯ, ಮೈಸೂರು ಕಡೆಯ ಬಸ್ಸಾರನ್ನೇ ನೋಡು. ಕಾಳು, ಸೊಪ್ಪು ಬೇಯಿಸಿ ನೀರು ಬಸಿದು ಆ ಕಟ್ಟಿನಲ್ಲಿ ಸಾರು ಮಾಡುತ್ತೇವೆ, ಬೆಂದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಸಾರಿನ ರುಚಿಗೆ ಮೂರು ಸಲ ಅನ್ನ ಬಡಿಸಿಕೊಂಡು ಪಲ್ಯವನ್ನು ನೆಂಚಿಕೊಳ್ಳಲು ಮಾತ್ರ ಇಟ್ಟುಕೊಳ್ಳುವವರೇ ಜಾಸ್ತಿ. ಮೈಗೆ ಬೇಕಾದ್ದೆಲ್ಲ ಕೂತಿರುವುದು ಆ ಪಲ್ಯದಲ್ಲೇ. ಅದನ್ನು ಒಂದು ಬಟ್ಟಲು ತುಂಬ ಮೊದಲು ತಿಂದು ಆಮೇಲೆ ಮುದ್ದೆಗೋ ಅನ್ನಕ್ಕೋ ಕೈ ಹಾಕು. ಹಾಗಂತ ರಾಗಿ ಮುದ್ದೆ ತೂಕ ಇಳಿಸುವ ಔಷಧಿ ಎಂದು ನಂಬಬೇಡ. ರಾಗಿಯಲ್ಲೂ ಅಕ್ಕಿಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ಬೇಗ ಹಸಿವಾಗುವುದಿಲ್ಲ, ಅದು ದೊಡ್ಡ ಗುಣ. ಎರಡು ದೊಡ್ಡ ಮುದ್ದೆ ನುಂಗಿ ಡಯಟ್ ಎಂದರೆ ಮಾತ್ರ ನಗು ಬರುತ್ತದೆ.

ಸಕ್ಕರೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹಾಕಿಕೊಟ್ಟ ಮಿತಿ ದಿನಕ್ಕೆ 25 ಗ್ರಾಂ, ಅಂದರೆ ಐದು ಚಮಚ. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಗೇ ಅದು ಮುಗಿದು ಸಾಲವಾಗಿರುತ್ತದೆ. ಬೇಕರಿಯ ಹನಿ ಕೇಕಿನ ಲೆಕ್ಕ ಇನ್ನೂ ಬಂದಿಲ್ಲ. ಬೆಳಗಿನ ಜೇನೂ ಸಕ್ಕರೆಯ ಬಳಗದ್ದೇ, ದೊಡ್ಡ ಚಮಚಕ್ಕೆ ಸುಮಾರು 60 ಕ್ಯಾಲೊರಿ. ನಿಂಬೆ, ಜೀರಿಗೆ ನೀರು ಬಾಯಿಗೆ ಹಿತ, ಕೊಬ್ಬಿಗೆ ಅದರ ಪರಿವೆಯೇ ಇಲ್ಲ. ಎಣ್ಣೆ ಒಂದು ದೊಡ್ಡ ಚಮಚಕ್ಕೆ 120ಕ್ಕೂ ಹೆಚ್ಚು ಕ್ಯಾಲೊರಿ. ಚಿತ್ರಾನ್ನದ ಒಗ್ಗರಣೆಗೆ ಸುರಿಯುವಾಗ ಇದು ನೆನಪಿರಲಿ.

ಉಪವಾಸ ಬಿದ್ದು ಹತ್ತು ದಿನಕ್ಕೆ ಮೂರು ಕೆ.ಜಿ. ಇಳಿಸಿದೆ ಎನ್ನುವವಳು ಇಳಿಸಿರುವುದು ಬಹುಪಾಲು ನೀರು, ಒಂದಿಷ್ಟು ಸ್ನಾಯು. ಒಂದು ಕೆ.ಜಿ. ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 300 ಕಡಿಮೆ ತಿಂದರೆ ಒಂದು ಕೆ.ಜಿ.ಗೆ ಲೆಕ್ಕದ ಪ್ರಕಾರ ಸುಮಾರು ಇಪ್ಪತ್ತಾರು ದಿನ. ನಿಧಾನ ಅನ್ನಿಸುತ್ತದೆ, ಆದರೂ ದಾರಿ ಅದೇ. ಊಟವನ್ನೇ ಬಿಡಬೇಡ: 2019–21ರ ಅದೇ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಹೊಟ್ಟೆ ಸುತ್ತ ಬೊಜ್ಜು, ರಕ್ತದಲ್ಲಿ ಕಬ್ಬಿಣವಿಲ್ಲ. ಎರಡೂ ಒಬ್ಬಳಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಅವಳು ಊಟ ಬಿಟ್ಟರೆ ಕೂದಲು ಉದುರಬಹುದು, ಮುಟ್ಟೂ ನಿಲ್ಲಬಹುದು. ಅಳತೆ ತಿಂಗಳಿಗೊಮ್ಮೆ ಸಾಕು, ಮುಟ್ಟು ಮುಗಿದ ವಾರ. ಮೂರು ತಿಂಗಳಲ್ಲಿ ಎರಡು-ಮೂರು ಸೆಂ.ಮೀ. ಇಳಿದರೂ ಸರಿಯಾದ ದಾರಿಯಲ್ಲಿದ್ದೀಯ.

ವ್ಯಾಯಾಮಕ್ಕೆ ದೊಡ್ಡ ಜಿಮ್ಮೇ ಬೇಕೆಂದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆಗೆಂದು ಹೊಡೆಸುತ್ತಿದ್ದ ಬಸ್ಕಿಯೇ ತೊಡೆಯ ದೊಡ್ಡ ಸ್ನಾಯುಗಳಿಗೆ ಒಳ್ಳೆಯ ಕೆಲಸ. ಗೋಡೆಗೆ ಕೈಕೊಟ್ಟು ದಂಡ, ಅದು ಹಗುರವಾದಮೇಲೆ ಮಂಚದ ಅಂಚಿಗೆ, ಆಮೇಲೆ ನೆಲಕ್ಕೆ. ಎರಡು ಕೈಯಲ್ಲಿ ತುಂಬಿದ ನೀರಿನ ಕ್ಯಾನು ಹಿಡಿದು ಮೆಟ್ಟಿಲು ಹತ್ತು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ: ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ ಇಷ್ಟೇ. ತೂಕ ಎತ್ತಿದರೆ ಗಂಡಸರ ಹಾಗೆ ಆಗ್ತೀನಿ ಅನ್ನಬೇಡ. ಅದಕ್ಕೆ ಬೇಕಾದಷ್ಟು ಟೆಸ್ಟೋಸ್ಟೆರೋನ್ ನಿನ್ನಲ್ಲಿಲ್ಲ. ಸೂರ್ಯನಮಸ್ಕಾರ ಮಾಡುವವಳಾದರೆ ಮಾಡು, ಉಸಿರು ಏರುವಂತೆ ಮಾಡು. ಮೂರು ಹಾಕಿ ಫೋಟೊ ತೆಗೆದರೆ ಆಗಲಿಲ್ಲ. ನಿದ್ದೆಯನ್ನೂ ಇದಕ್ಕೇ ಸೇರಿಸು. ರಾತ್ರಿ ಪಾಳಿಯವರಿಗೆ ಹಸಿವು ಹೆಚ್ಚು, ಅದೂ ಕರಿದದ್ದಕ್ಕೆ, ಸಿಹಿಗೆ. ಏಳು ಗಂಟೆ ಮಲಗಲು ಆಗದ ಕೆಲಸದಲ್ಲಿದ್ದರೆ ಹೊಟ್ಟೆ ಇಳಿಯುವುದು ತಡವಾದೀತು, ಅದಕ್ಕೆ ನಿನ್ನನ್ನು ನೀನು ಬೈದುಕೊಳ್ಳಬೇಡ.

ಇಲ್ಲೊಂದು ಮಾತು ನನ್ನ ಓರಗೆಯವರಿಗೆ. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಬಂದ ಹುಡುಗಿಯ ಹೊಟ್ಟೆ ನೋಡಿ "ಏನೇ, ವಿಶೇಷಾನಾ?" ಎಂದು ಕೇಳುವ ಚಾಳಿ ಬಿಡಿ. ನಿಮ್ಮ ಆ ಒಂದು ಮಾತಿಗೆ ಅವಳು ಮನೆಗೆ ಹೋಗಿ ಪುಡಿ, ಮಾತ್ರೆ ಹುಡುಕುತ್ತಾಳೆ, ಶಸ್ತ್ರಚಿಕಿತ್ಸೆಯವರೆಗೂ ಯೋಚಿಸುತ್ತಾಳೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಜೀವ ಕಳೆದುಕೊಂಡಳು. ಲೈಪೋಸಕ್ಷನ್ ಚರ್ಮದಡಿಯ ಕೊಬ್ಬನ್ನಷ್ಟೇ ಹೀರುತ್ತದೆ, ಒಳಗಿನದನ್ನು ಮುಟ್ಟುವುದೂ ಇಲ್ಲ. ಈಗ ಹೆಸರು ಮಾಡಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಕೆಲಸ ಮಾಡುತ್ತವೆ ನಿಜ, ಆದರೆ ಅವು ವೈದ್ಯರ ಚೀಟಿಯ ಮೇಲೆ, ಸ್ಥೂಲಕಾಯ ಇರುವವರಿಗೆ. ಬಸಿರಾಗಬೇಕೆಂದಿರುವವರು ತೆಗೆದುಕೊಳ್ಳುವಂತಿಲ್ಲ. ಗೆಳತಿಯ ಡಬ್ಬಿಯಿಂದ ಹಂಚಿಕೊಳ್ಳುವ ವಸ್ತುವಂತೂ ಅಲ್ಲವೇ ಅಲ್ಲ.

ಕೊನೆಯದಾಗಿ, ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿಬಿಡುತ್ತೇನೆ. ಮುಟ್ಟು ಮೂವತ್ತೈದು ದಿನ ಮೀರಿ ಬರುತ್ತಿದ್ದರೆ, ಗದ್ದದ ಮೇಲೆ ದಪ್ಪ ಕೂದಲು, ಮೊಡವೆ ಬಿಡದಿದ್ದರೆ, ಕುತ್ತಿಗೆಯ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು ಕೂತಿದ್ದರೆ ಅದು ಪಿಸಿಓಎಸ್ ಎಂಬ ಅಂಡಾಶಯ, ಹಾರ್ಮೋನುಗಳ ತೊಂದರೆ ಇರಬಹುದು. ಸದಾ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ನೋಡಿಸು. ಕೈಕಾಲು ಬಡವಾಗುತ್ತಾ ಹೊಟ್ಟೆ ಮಾತ್ರ ಊದಿ ನೇರಳೆ ಗೆರೆ ಮೂಡಿದರೆ, ಅಥವಾ ಹೊಟ್ಟೆ ಗಟ್ಟಿಯಾಗಿ ಕೆಲವೇ ವಾರಗಳಲ್ಲಿ ಬೆಳೆದರೆ ತಡ ಮಾಡಲೇಬೇಡ. ಪಿಸಿಓಎಸ್ ಎಂದು ಗೊತ್ತಾದರೂ ಎದೆಗುಂದುವಂಥದ್ದೇನಿಲ್ಲ; ಇರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿದಾರಿಗೆ ಬರುತ್ತದೆ. ಈ ಲಕ್ಷಣಗಳಲ್ಲಿ ಒಂದಾದರೂ ನಿನಗಿದ್ದರೆ ಈ ವಾರವೇ ವೈದ್ಯರ ಹತ್ತಿರ ಹೋಗು, ಅಮ್ಮನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗು.