ಹೈಬ್ರಿಡ್ ಉಳಿತಾಯ, ವೇರಿಯಂಟ್ ಬೆಲೆ

ಮೈಸೂರಿನಲ್ಲಿರುವ ತಂಗಿ ಈಚೆಗೆ ಕಾರಿನ ಎರಡು ಕೊಟೇಶನ್ ಕಳಿಸಿದಳು. ಎರಡೂ ಬ್ರೆಝಾ, ಎರಡೂ ಮ್ಯಾನ್ಯುವಲ್ ಗೇರ್. ಒಂದು ವಿಎಕ್ಸ್‌ಐ, ಇನ್ನೊಂದು ಅದಕ್ಕಿಂತ ಮೇಲಿನ ವೇರಿಯಂಟ್ ಝಡ್‌ಎಕ್ಸ್‌ಐ. "ಮೇಲಿಂದು ಹೈಬ್ರಿಡ್ ಅಂತೆ ಅಕ್ಕ, ಜಾಸ್ತಿ ಕೊಟ್ಟ ದುಡ್ಡು ಪೆಟ್ರೋಲ್‌ನಲ್ಲೇ ವಾಪಸ್ ಬರುತ್ತಂತೆ. ನಿನ್ನ ಕಾರೂ ಅದೇ ಅಲ್ವಾ?"

ಹೌದು, ನನ್ನ ಎರ್ಟಿಗಾ ಕೂಡ ಮೈಲ್ಡ್ ಹೈಬ್ರಿಡ್. ಆ ವ್ಯವಸ್ಥೆ ನನಗೆ ಇಷ್ಟವೇ. ಎಂಜಿನ್ನಿಗೆ ಬೆಲ್ಟ್ ಮೂಲಕ ಜೋಡಿಸಿದ ಒಂದೇ ಯಂತ್ರ ಸ್ಟಾರ್ಟರ್ ಕೂಡ ಹೌದು, ಜನರೇಟರ್ ಕೂಡ ಹೌದು. ಬ್ರೇಕ್ ಒತ್ತಿದಾಗ ಅದು ತಯಾರಿಸುವ ವಿದ್ಯುತ್ತು ಪುಟ್ಟದೊಂದು ಲಿಥಿಯಂ ಬ್ಯಾಟರಿಗೆ ಹೋಗುತ್ತದೆ. ಕಾರು ವೇಗ ಹಿಡಿಯುವಾಗ ಅದೇ ವಿದ್ಯುತ್ತು ಎಂಜಿನ್ನಿಗೆ ಒಂದಿಷ್ಟು ಒತ್ತಾಸೆ ಕೊಡುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ತಾನೇ ನಿಲ್ಲುತ್ತದೆ, ಕ್ಲಚ್ ಒತ್ತಿದರೆ ಸದ್ದಿಲ್ಲದೆ ಎದ್ದೇಳುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಎಂಜಿನ್ ನಿಂತರೆ ಎಸಿಯ ತಂಪೂ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇದರ ಉಪಯೋಗ ಕಡಿಮೆ. ಬಿಡದಿಯಲ್ಲಿ ತಯಾರಾಗುವ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್‌ನಂತೆ ಬರೀ ಬ್ಯಾಟರಿಯಲ್ಲಿ ಓಡುವ ಶಕ್ತಿ ಇದಕ್ಕಿಲ್ಲ.

ಎರ್ಟಿಗಾದ ಪೆಟ್ರೋಲ್ ಮಾದರಿಗಳಲ್ಲಿ ಕೆಳಗಿನಿಂದಲೇ ಇದು ಬರುತ್ತದೆ. ಇದಕ್ಕೆಂದು ಮೇಲಿನ ವೇರಿಯಂಟ್‌ಗೆ ಹೋಗಬೇಕಿರಲಿಲ್ಲ. ಬ್ರೆಝಾದ ಕತೆ ಬೇರೆ. 2023ರಲ್ಲಿ ಮ್ಯಾನ್ಯುವಲ್ ಬ್ರೆಝಾದಿಂದ ಹೈಬ್ರಿಡ್ ತೆಗೆದಾಗ ಕಂಪನಿ ಹೇಳುವ ಮೈಲೇಜ್ 20.15 ಕಿ.ಮೀ.ಯಿಂದ 17.38ಕ್ಕೆ ಇಳಿಯಿತು. ಮರುವರ್ಷ ಹೈಬ್ರಿಡ್ ಮರಳಿ ಬಂತು, 19.89 ಕಿ.ಮೀ. ಮೈಲೇಜ್‌ನೊಂದಿಗೆ. ಆದರೆ ಬಂದದ್ದು ಝಡ್‌ಎಕ್ಸ್‌ಐ ಮತ್ತು ಅದರ ಮೇಲಿನದಕ್ಕೆ ಮಾತ್ರ. ಅಂದರೆ ಹೈಬ್ರಿಡ್ ಬೇಕಿದ್ದರೆ ಸನ್‌ರೂಫ್, ಅಲಾಯ್ ವೀಲ್‌ಗಳಿಗೂ ದುಡ್ಡು ಕೊಡಲೇಬೇಕು.

ತಂಗಿಯ ಓಡಾಟವನ್ನು ವರ್ಷಕ್ಕೆ 12,000 ಕಿ.ಮೀ. ಎಂದು ಹಿಡಿದೆ. 17.38ರಲ್ಲಿ 690 ಲೀಟರ್ ಬೇಕು, 19.89ರಲ್ಲಿ 603. ಉಳಿಯುವುದು 87 ಲೀಟರ್. ಲೀಟರಿಗೆ 102 ರೂಪಾಯಿಯಂತೆ ವರ್ಷಕ್ಕೆ ಸುಮಾರು 8,900 ರೂಪಾಯಿ, ತಿಂಗಳಿಗೆ 740.

ಇನ್ನು ಕೊಡಬೇಕಾದ್ದರ ಲೆಕ್ಕ. ಬೆಲೆಗಳು ಬದಲಾಗುತ್ತಿರುತ್ತವೆ, ಲೆಕ್ಕಕ್ಕಾಗಿ ಎಕ್ಸ್ ಶೋರೂಮ್ ಬೆಲೆ ವಿಎಕ್ಸ್‌ಐಗೆ 9.75 ಲಕ್ಷ, ಝಡ್‌ಎಕ್ಸ್‌ಐಗೆ 11.25 ಲಕ್ಷ ಅಂದುಕೊಳ್ಳೋಣ. ವ್ಯತ್ಯಾಸ ಒಂದೂವರೆ ಲಕ್ಷ. ಅಲ್ಲಿಗೇ ಮುಗಿಯುವುದಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಬೆಲೆ 10 ಲಕ್ಷ ದಾಟಿತೆಂದರೆ ಲೈಫ್‌ಟೈಮ್ ಟ್ಯಾಕ್ಸ್ ಶೇ 14ರಿಂದ ಶೇ 17ಕ್ಕೆ ಏರುತ್ತದೆ, ಅದೂ ಪೂರ್ತಿ ಬೆಲೆಯ ಮೇಲೆ. ಮೊದಲನೆಯದಕ್ಕೆ 1,36,500 ರೂಪಾಯಿ, ಎರಡನೆಯದಕ್ಕೆ 1,91,250; ಸೆಸ್ ಬೇರೆ. ತೆರಿಗೆಯಲ್ಲೇ 54,750 ರೂಪಾಯಿ ಹೆಚ್ಚು! ಗಿರಾಕಿಗಳು ಕೇಳಲೇಬೇಕಾದ ಅಂಕಿ ಇದು, ಆದರೆ ಆನ್‌ರೋಡ್ ಮೊತ್ತದೊಳಗೆ ಕರಗಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ಕಾರದ ಸಹಾಯವನ್ನೂ ನೆಚ್ಚುವಂತಿಲ್ಲ. ಡೀಸೆಲ್ ಸಿಯಾಜ್, ಎರ್ಟಿಗಾಗಳ ಮೈಲ್ಡ್ ಹೈಬ್ರಿಡ್‌ಗೆ 2015ರಲ್ಲಿ ಫೇಮ್ ಯೋಜನೆಯ ಸಹಾಯಧನವಿತ್ತು. 2017ರ ಏಪ್ರಿಲ್‌ನಿಂದ ಅದು ನಿಂತಿದೆ.

ಹೀಗೆ ಎರಡು ಲಕ್ಷಕ್ಕೂ ಮೀರಿದ ಹೆಚ್ಚುವರಿ ಹಣ ವರ್ಷಕ್ಕೆ 8,900ರಂತೆ ವಾಪಸಾಗಲು 22 ವರ್ಷ ದಾಟಬೇಕು. ಅಷ್ಟು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರು ಎಷ್ಟು ಮಂದಿ? ದಿನವೂ ಪೇಟೆಯ ಟ್ರಾಫಿಕ್ಕಿನಲ್ಲಿ ನೂರು ಕಿ.ಮೀ. ಓಡಿಸುವವರ ಲೆಕ್ಕ ಬೇರೆಯಾದೀತು, ಆದರೆ ಅಂಥವರು ಮೊದಲು ನೋಡಬೇಕಾದ್ದು ಸಿಎನ್‌ಜಿ.

ಸನ್‌ರೂಫ್, ಕ್ರೂಸ್ ಕಂಟ್ರೋಲ್ ಬೇಕೇಬೇಕು ಅನಿಸಿದರೆ ಮೇಲಿನದನ್ನೇ ಕೊಳ್ಳಲಿ, ಅದು ಅವರವರ ಇಷ್ಟ. ಪೆಟ್ರೋಲ್ ಉಳಿಸುವ ಹೆಸರಿನಲ್ಲಿ ಮಾತ್ರ ಬೇಡ. ತಂಗಿ ತೆಗೆಯಬೇಕೆಂದಿದ್ದದ್ದು ಐದು ವರ್ಷದ ಸಾಲ. ಶೇ 9ರ ಬಡ್ಡಿಗೆ ಆ ಎರಡು ಲಕ್ಷಕ್ಕಷ್ಟೇ ತಿಂಗಳಿಗೆ 4,150 ರೂಪಾಯಿ ಕಂತು ಬೀಳುತ್ತದೆ. ತಿಂಗಳ 740 ಉಳಿಸಲು 4,150 ಕಟ್ಟುವುದು ಬೇಡವೆಂದು ಅವಳು ವಿಎಕ್ಸ್‌ಐ ಬುಕ್ ಮಾಡಿದ್ದಾಳೆ.