ಉರುಕುಂದ ಪರಿಸರದ ಬೇಸಾಯ ಜೀವನ ಹಾಗೂ ಸ್ಥಳೀಯ ಆಡಳಿತ

ಸಮಾಜ ವಿಜ್ಞಾನದ ಪಾಠಪುಸ್ತಕದಲ್ಲಿ ‘ಬೇಸಾಯ’ ಒಂದು ಅಧ್ಯಾಯ, ‘ಸ್ಥಳೀಯ ಸರ್ಕಾರ’ ಮತ್ತೊಂದು ಅಧ್ಯಾಯ. ಅವುಗಳ ನಡುವೆ ಹಲವು ವಾರಗಳ ಅಂತರವಿರುತ್ತದೆ. ಆದರೆ ಕೌತಾಳ, ಕೋಸಿಗಿ, ಆದೋನಿ ಮಂಡಲಗಳ ರೈತನ ಮನೆಯಲ್ಲಿ ಇವೆರಡೂ ಒಂದೇ ದಿನದ ಮಾತು. ಕಾಲುವೆಗೆ ನೀರು ಎಂದು ಬರುವುದು ಎಂಬ ಪ್ರಶ್ನೆ ಏಕಕಾಲಕ್ಕೆ ಭೂಗೋಳದ್ದೂ ಹೌದು, ರಾಜ್ಯಶಾಸ್ತ್ರದ್ದೂ ಹೌದು. ಆದುದರಿಂದ ಈ ಎರಡು ಘಟಕಗಳನ್ನು ಉರುಕುಂದದ ಸುತ್ತಲಿನ ಪರಿಸರವನ್ನು ಆಧಾರವಾಗಿಟ್ಟುಕೊಂಡು ಒಟ್ಟಿಗೆ ಬೋಧಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನೆಲದಿಂದ ಆರಂಭಿಸಬೇಕು. ಈ ಭಾಗದಲ್ಲಿ ಎರೆಭೂಮಿ ವಿಶಾಲವಾಗಿ ಹರಡಿದೆ. ನಡುನಡುವೆ ಕೆಂಪು ಮಸಾರಿ ನೆಲವಿದೆ. ಎರೆಮಣ್ಣು ಮಳೆಯ ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಹತ್ತಿ, ಜೋಳ, ಕಡಲೆ ಇಲ್ಲಿಯ ಬೆಳೆಗಳಾದವು. ಮಸಾರಿಯಲ್ಲಿ ಶೇಂಗಾ, ತೊಗರಿ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ಬಂದರೂ ನಂಬುವಂತಿಲ್ಲ. ಆದೋನಿಯ ಹತ್ತಿ ಮಾರುಕಟ್ಟೆ ಮತ್ತು ಜಿನ್ನಿಂಗ್ ಕಾರ್ಖಾನೆಗಳು ಈ ಎರೆಭೂಮಿಯ ಕೂಸುಗಳೇ ಆಗಿವೆ. ವಿದ್ಯಾರ್ಥಿಗಳಿಂದ ಎರಡೂ ಬಗೆಯ ಮಣ್ಣನ್ನು ತರಿಸಿ, ಸಮನಾದ ನೀರು ಹಾಕಿ, ಮರುದಿನ ನೋಡುವಂತೆ ಹೇಳಿದರೆ ಅರ್ಧ ಪಾಠ ಮುಗಿದಂತೆಯೇ.

ಇತಿಹಾಸದ ಭಾಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ರೈತನೊಡನೆ ನೇರವಾಗಿ ಕಂದಾಯ ನಿಗದಿಪಡಿಸುವ ರೈತವಾರಿ ಪದ್ಧತಿಯನ್ನು ಬೆಳೆಸಿದನು. 1876–78ರ ಭೀಕರ ಕ್ಷಾಮವು ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ನಡುಗಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬದಲಾಯಿತು, ಮನೆಮಾತು, ಬೀಗತನ, ಸಂತೆ ಬದಲಾಗಲಿಲ್ಲ. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಕರ್ನಾಟಕದಿಂದ ಬರುವ ಭಕ್ತಸಮೂಹವನ್ನು ನೋಡಿದ ಮಗುವಿಗೆ ಇದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಇನ್ನು ನೀರಿನ ವಿಷಯ. ಇಲ್ಲಿ ಶಿಕ್ಷಕರು ನಿಧಾನಿಸಬೇಕು. ತುಂಗಭದ್ರಾ ಅಣೆಕಟ್ಟಿನ ಬಲದಂಡೆಯ ಕೆಳಮಟ್ಟದ ಕಾಲುವೆಯು ಬಳ್ಳಾರಿ, ಸಿರುಗುಪ್ಪ ಸೀಮೆಯನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ಈ ಕಾಲುವೆಯಲ್ಲಿ ಆಂಧ್ರಪ್ರದೇಶಕ್ಕೆ ನಿಗದಿಯಾದ ಪಾಲು 24 ಟಿಎಂಸಿ. ಅಣೆಕಟ್ಟಿನಲ್ಲಿ ಹೂಳು ತುಂಬಿ, ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯವು ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ದೂರದ ಅಣೆಕಟ್ಟು ತಮ್ಮ ಹೊಲಕ್ಕೆ ಎಷ್ಟು ಹತ್ತಿರವೆಂಬುದು ನಮ್ಮ ಮಕ್ಕಳಿಗೂ ತಿಳಿಯಿತು.

ಈ ಯೋಜನೆಯ ಮೂಲ ಉದ್ದೇಶ ಕ್ಷಾಮನಿವಾರಣೆ. ಸ್ವಲ್ಪ ನೀರನ್ನು ಹೆಚ್ಚು ಹಳ್ಳಿಗಳಿಗೆ ತೆಳುವಾಗಿ ಹಂಚಿ, ಜೋಳ, ಹತ್ತಿಯಂತಹ ಬೆಳೆಗಳನ್ನು ಕಾಪಾಡಬೇಕೆಂಬುದು ಲೆಕ್ಕಾಚಾರವಾಗಿತ್ತು. ಕಾಲುವೆಯ ಮೇಲ್ಭಾಗದ ರೈತರು ಭತ್ತ ಬೆಳೆಯತೊಡಗಿದಾಗ ಲೆಕ್ಕ ತಪ್ಪಿತು. ನೀರು ಕೊನೆಯ ಭಾಗಕ್ಕೆ ತಲುಪುವುದು ಕಷ್ಟವಾಯಿತು. ಇದನ್ನು ಬೋಧಿಸುವಾಗ ‘ಅವರ ರಾಜ್ಯ, ನಮ್ಮ ರಾಜ್ಯ’ ಎಂಬ ಜಗಳವಾಗಿ ಮಾಡಿಬಿಡುವುದು ಸುಲಭ. ತರಬೇತಿ ಶಿಬಿರಗಳಲ್ಲಿ ಆ ಧ್ವನಿಯನ್ನು ನಾನು ಕೇಳಿದ್ದೇನೆ. ಆದರೆ ಮೇಲ್ಭಾಗ–ಕೊನೆಭಾಗದ ಇದೇ ಸಮಸ್ಯೆ ನಮ್ಮದೇ ಮಂಡಲದ ಎರಡು ಹಳ್ಳಿಗಳ ನಡುವೆಯೂ, ಒಂದೇ ಹೊಲಗಾಲುವೆಯ ಅಣ್ಣತಮ್ಮಂದಿರ ನಡುವೆಯೂ ಇದೆಯಲ್ಲವೇ? ಅಲ್ಲಿಂದ ಆರಂಭಿಸುವುದು ಯುಕ್ತ.

ನೀರನ್ನು ಹಂಚುವವರು ಯಾರು? 1997ರ ಆಂಧ್ರಪ್ರದೇಶ ರೈತರ ನೀರಾವರಿ ನಿರ್ವಹಣಾ ಕಾಯ್ದೆಯ ಮೇರೆಗೆ ನೀರು ಬಳಕೆದಾರರ ಸಂಘಗಳು ಸ್ಥಾಪಿತವಾದವು. ಇವುಗಳ ಎಲ್ಲೆಯನ್ನು ಗುರುತಿಸುವುದು ನೀರಿನ ಹರಿವನ್ನು ಅನುಸರಿಸಿ. ಪಂಚಾಯಿತಿಯ ಎಲ್ಲೆ ಊರನ್ನು ಅನುಸರಿಸಿದುದು. ಎರಡು ನಕ್ಷೆಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಅಲ್ಲದೆ ಸಂಘದಲ್ಲಿ ಸ್ಥಾನವಿರುವುದು ಆಯಕಟ್ಟಿನ ಭೂಮಿಯುಳ್ಳವರಿಗೆ. ಭೂಮಿಯಿಲ್ಲದ ಕೂಲಿಕಾರನ ಮಾತು ನಡೆಯಬಹುದಾದ ಸಭೆ ಗ್ರಾಮಸಭೆಯೊಂದೇ. ಈ ವ್ಯತ್ಯಾಸವನ್ನು ತಿಳಿಯದೆ ‘ಪಂಚಾಯಿತಿಯ ಕರ್ತವ್ಯಗಳು’ ಎಂಬ ಪಟ್ಟಿಯನ್ನು ಕಂಠಪಾಠ ಮಾಡಿಸುವುದರಿಂದ ಪ್ರಯೋಜನ ಕಡಿಮೆ.

ಆಡಳಿತದ ಹಂತಗಳಲ್ಲಿ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಸಿರುಗುಪ್ಪದ ಸೋದರಮಾವ ‘ತಾಲ್ಲೂಕು ಕಚೇರಿ’ ಎನ್ನುತ್ತಾನೆ. ಮನೆಯಲ್ಲಿ ತಂದೆ ‘ಮಂಡಲ ಆಫೀಸು’ ಎನ್ನುತ್ತಾನೆ. ಆಂಧ್ರದಲ್ಲಿ 1985ರಲ್ಲಿ ತಾಲ್ಲೂಕುಗಳ ಬದಲಿಗೆ ಚಿಕ್ಕ ಮಂಡಲಗಳು ಬಂದವು. ಅದಕ್ಕೆ ಮೊದಲೇ, 1984ರಲ್ಲಿ, ವಂಶಪಾರಂಪರ್ಯದ ಕರಣಂ, ಮುನಸಬು ಹುದ್ದೆಗಳು ರದ್ದಾಗಿದ್ದವು. ಇಲ್ಲಿ ಸರ್ಪಂಚರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಅಧ್ಯಕ್ಷರನ್ನು ಸದಸ್ಯರು ತಮ್ಮೊಳಗಿನಿಂದ ಆರಿಸುತ್ತಾರೆ. ಅಲ್ಲಿ ಹಲವು ಊರುಗಳು ಸೇರಿ ಒಂದು ಪಂಚಾಯಿತಿಯಾಗುವುದು ವಾಡಿಕೆ. ಎರಡೂ ವ್ಯವಸ್ಥೆಗಳು ಸಂವಿಧಾನದ 73ನೆಯ ತಿದ್ದುಪಡಿಯ ಅಡಿಯಲ್ಲೇ ಇವೆ. ಗಡಿಯಾಚೆಯ ನಂಟರನ್ನು ಪ್ರಶ್ನಿಸಿ ಬರುವಂತೆ ವಿದ್ಯಾರ್ಥಿಗಳಿಗೆ ಹೇಳಿದರೆ ಹೋಲಿಕೆಯ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಕೊನೆಯದಾಗಿ, ಪಾಠದ ಅತ್ಯಂತ ಕಠಿಣ ಭಾಗ. ಕನ್ನಡದಲ್ಲಿ ‘ಸುಗ್ಗಿ’ ಎಂದರೆ ಹಬ್ಬ, ಕಣ, ರಾಶಿ. ನಮ್ಮ ಮಂಡಲಗಳಲ್ಲಿ ‘ಸುಗ್ಗಿಗೆ ಹೋದರು’ ಎಂದರೆ ಊರು ಬಿಟ್ಟರು ಎಂದೇ ಅರ್ಥ. ಸ್ವಂತ ಹೊಲದ ಸುಗ್ಗಿ ಕೈಕೊಟ್ಟಾಗ ಗುಂಟೂರು ಕಡೆಯ ಮೆಣಸಿನಕಾಯಿ, ಹತ್ತಿ ಬಿಡಿಸಲು ಇಡೀ ಕುಟುಂಬಗಳು ಹೊರಡುತ್ತವೆ. ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟಿತು. ಯಾವ ಕಾಮಗಾರಿ ನಡೆಯಬೇಕೆಂಬುದನ್ನು ಗ್ರಾಮಸಭೆ ಸೂಚಿಸಬೇಕಾಗಿತ್ತು. ಗುಂಟೂರಿನ ಹೊಲದಲ್ಲಿರುವವನು ಊರಿನ ಗ್ರಾಮಸಭೆಯಲ್ಲಿ ಕೈಯೆತ್ತಲಾರ. ಅವನ ಮಗುವೂ ಕನ್ನಡ ಶಾಲೆಯ ಬೆಂಚಿನಲ್ಲಿ ಇರಲಾರದು. ಅಲ್ಲಿ ಸಿಗುವ ಶಾಲೆಯೂ ತೆಲುಗಿನದು. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆದರೆ ಮಗು ವಲಸೆ ಹೋದ ಊರಿಗೆ ಆ ಸೌಲಭ್ಯ ಅದರ ಹಿಂದೆ ಹೋಗುವುದಿಲ್ಲ.

ತರಗತಿಯಲ್ಲಿ ಈ ಭಾಗವನ್ನು ಎಚ್ಚರದಿಂದ ನಡೆಸಬೇಕು. ‘ಯಾರ ಮನೆಯವರು ಸುಗ್ಗಿಗೆ ಹೋಗುತ್ತಾರೆ, ಕೈಯೆತ್ತಿ’ ಎಂದು ಕೇಳಬಾರದು. ನಾನೊಮ್ಮೆ ಹಾಗೆ ಕೇಳಿ, ತಗ್ಗಿದ ತಲೆಗಳನ್ನು ನೋಡಿ ಪಶ್ಚಾತ್ತಾಪಪಟ್ಟಿದ್ದೇನೆ. ಬದಲಿಗೆ ಹಾಜರಿ ಪುಸ್ತಕದಿಂದ ಹಿಂದಿನ ಮೂರು ವರ್ಷಗಳ ತಿಂಗಳುವಾರು ಒಟ್ಟು ಹಾಜರಿಯನ್ನು, ಹೆಸರುಗಳಿಲ್ಲದೆ, ಕಪ್ಪುಹಲಗೆಯ ಮೇಲೆ ಸ್ತಂಭನಕ್ಷೆಯಾಗಿ ಬರೆಯಿರಿ. ಅದರ ಕೆಳಗೆ ಕಾಲುವೆಗೆ ನೀರು ಬಿಟ್ಟ ಮತ್ತು ನಿಲ್ಲಿಸಿದ ತಿಂಗಳುಗಳನ್ನು ಗುರುತಿಸಿರಿ. ದೀಪಾವಳಿಯ ನಂತರದ ಸ್ತಂಭಗಳು ಏಕೆ ಕುಸಿದವೆಂದು ವಿದ್ಯಾರ್ಥಿಗಳೇ ಹೇಳಲಿ. ಅನಂತರ, ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಡುವುದಾದರೆ ಏನನ್ನು ಕೇಳಬೇಕು, ಸಭೆಯನ್ನು ಯಾವ ತಿಂಗಳಲ್ಲಿ ಕರೆಯಬೇಕು ಎಂಬ ಅರ್ಜಿಯೊಂದನ್ನು ಅವರಿಂದ ಬರೆಯಿಸಿರಿ. ಇದಕ್ಕೆ ಎರಡು ಅವಧಿಗಳು ಬೇಕಾಗುತ್ತವೆ. ದಸರಾ ರಜೆಗೆ ಮೊದಲೇ ಮುಗಿಸುವುದು ಒಳ್ಳೆಯದು, ಆಗ ಇನ್ನೂ ಎಲ್ಲರೂ ತರಗತಿಯಲ್ಲಿರುತ್ತಾರೆ.