ಅಮೆರಿಕದಲ್ಲಿ ಯಾವ ಊರು? ಹೊಸದಾಗಿ ಹೋಗುವವರಿಗೆ ಹತ್ತು ಸೂತ್ರಗಳು

ಅಮೆರಿಕಕ್ಕೆ ಹೊರಟವರು ಮೊದಲು ವಿಚಾರಿಸುವುದು ಎರಡೇ ಸಂಗತಿ: ಸಂಬಳ ಎಷ್ಟು, ಅಲ್ಲಿ ನಮ್ಮವರು ಯಾರಿದ್ದಾರೆ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಎಲ್ಲ ಸರಿಯಿದ್ದಾಗ ಯಾವ ಊರಾದರೂ ಚೆನ್ನಾಗಿಯೇ ಕಾಣುತ್ತದೆ. ಊರಿನ ಗುಣ ಗೊತ್ತಾಗುವುದು ಕೆಲಸ ಹೋದಾಗ, ನಡುರಾತ್ರಿ ಮಗುವಿಗೆ ಜ್ವರ ಏರಿದಾಗ, ಕಾರು ಕೆಟ್ಟು ನಿಂತಾಗ, ಚಳಿಗಾಲ ಮುಗಿಯುವುದೇ ಇಲ್ಲವೇನೋ ಅನ್ನಿಸಿದಾಗ. ಆದ್ದರಿಂದ ಕಷ್ಟಕಾಲಕ್ಕೆ ಒದಗುವ ಊರನ್ನು ಹುಡುಕಿ. ಕೆಳಗಿನ ಹತ್ತೂ ಸೂತ್ರಗಳು ಹೇಳುವುದು ಇದನ್ನೇ.

1. ಎರಡನೆಯ ಕೆಲಸ ಎಲ್ಲಿ ಸಿಗುತ್ತದೆ ನೋಡಿ

ಕೈಯಲ್ಲಿರುವ ಆಫರ್ ನಿಮ್ಮನ್ನು ಒಂದು ಊರಿಗೆ ಕರೆದೊಯ್ಯುತ್ತದೆ, ಅಷ್ಟೆ. ಅಲ್ಲಿ ನಿಮ್ಮನ್ನು ಉಳಿಸುವುದು ಅದೇ ಊರಿನಲ್ಲಿ ಸಿಗಬಹುದಾದ ಮುಂದಿನ ಕೆಲಸ. ಎಚ್-1ಬಿ ವೀಸಾದಲ್ಲಿ ಇರುವವರಿಗಂತೂ ಇದು ಎಲ್ಲಕ್ಕಿಂತ ಮುಖ್ಯ. ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ನೀವು ಬೇರೆ ವೀಸಾಕ್ಕೆ ಅರ್ಜಿ ಕೊಡಬೇಕು. ಎರಡೂ ಆಗದಿದ್ದರೆ ದೇಶ ಬಿಡಬೇಕು. ಕೆಲಸ ಹುಡುಕುತ್ತಲೇ ಮನೆ ಖಾಲಿ ಮಾಡಿ, ಮಕ್ಕಳನ್ನು ಶಾಲೆ ಬಿಡಿಸಿ, ಬೇರೆ ರಾಜ್ಯಕ್ಕೆ ಹೋಗುವ ಪರಿಸ್ಥಿತಿ ಯಾರಿಗೂ ಬೇಡ.

ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ಕಮಿನ್ಸ್, ಅರ್ಕನ್ಸಾದ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಹೀಗೆ ಒಂದೊಂದು ದೊಡ್ಡ ಕಂಪನಿಯ ನೆರಳಿನಲ್ಲಿ ಬೆಳೆದ ಊರುಗಳಿವೆ. ನೆಮ್ಮದಿಯ ಊರುಗಳೇ. ಆದರೆ ಆ ಕಂಪನಿಯ ಬಾಗಿಲು ಮುಚ್ಚಿದರೆ ನಿಮಗೆ ಅಲ್ಲಿ ಇನ್ನೊಂದು ಬಾಗಿಲು ಸಿಗುವುದು ಕಷ್ಟ. ಬಯೋಟೆಕ್‌ನವರಿಗೆ ಬಾಸ್ಟನ್, ತೈಲ ಮತ್ತು ವೈದ್ಯಕೀಯ ಕ್ಷೇತ್ರದವರಿಗೆ ಹ್ಯೂಸ್ಟನ್, ವಾಹನ ಉದ್ಯಮದವರಿಗೆ ಡೆಟ್ರಾಯಿಟ್ ಸುತ್ತಮುತ್ತ, ಬ್ಯಾಂಕಿಂಗ್‌ನವರಿಗೆ ಷಾರ್ಲಟ್, ಸಾಫ್ಟ್‌ವೇರ್‌ನವರಿಗೆ ಸಿಯಾಟಲ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಒಂದಲ್ಲ ಒಂದು ಕಂಪನಿ ಇದ್ದೇ ಇರುತ್ತದೆ. ಮನೆಯಿಂದ ಮುಕ್ಕಾಲು ಗಂಟೆ ದೂರದೊಳಗೆ ನಿಮ್ಮ ಹುದ್ದೆಗೆ ಎಷ್ಟು ಕಂಪನಿಗಳು ಜನರನ್ನು ಹುಡುಕುತ್ತಿವೆ ಎಂದು ಲಿಂಕ್ಡ್‌ಇನ್‌ನಲ್ಲಿ ನೋಡಿ. ಬೆರಳೆಣಿಕೆಯಷ್ಟೇ ಇದ್ದರೆ ಮತ್ತೊಮ್ಮೆ ಯೋಚಿಸಿ.

2. ಲೈಸೆನ್ಸ್ ಬೇಕಾದ ವೃತ್ತಿಯಾದರೆ ಮೊದಲು ರಾಜ್ಯ, ಆಮೇಲೆ ಊರು

ನರ್ಸ್, ಡಾಕ್ಟರ್, ಫಾರ್ಮಸಿಸ್ಟ್, ಶಿಕ್ಷಕರು, ವಕೀಲರು ಇವರೆಲ್ಲರಿಗೂ ವೃತ್ತಿ ಪರವಾನಗಿ ಕೊಡುವುದು ರಾಜ್ಯಗಳು, ಕೇಂದ್ರ ಸರ್ಕಾರವಲ್ಲ. ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ನರ್ಸ್‌ಗಳ ವಿಷಯದಲ್ಲಿ ಹಲವು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡಿವೆ. ಟೆಕ್ಸಾಸ್ ಅದರಲ್ಲಿದೆ, ಕ್ಯಾಲಿಫೋರ್ನಿಯಾ ಇಲ್ಲ. ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮುಗಿಸಿದ ಡಾಕ್ಟರುಗಳಿಗೆ ಇನ್ನೊಂದು ದಾರಿಯಿದೆ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಮಾಡಲು ಒಪ್ಪಿದರೆ, ತಾಯ್ನಾಡಿಗೆ ಮರಳಿ ಎರಡು ವರ್ಷ ಇರಲೇಬೇಕೆಂಬ ಷರತ್ತಿನಿಂದ ವಿನಾಯಿತಿ ಸಿಗುತ್ತದೆ. ‘ಕಾನ್ರಾಡ್ 30’ ಎಂಬ ಈ ವ್ಯವಸ್ಥೆಯಲ್ಲಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಹೀಗೆ ಸಣ್ಣ ಊರೊಂದು ವೈದ್ಯರ ಕುಟುಂಬಕ್ಕೆ ದೊಡ್ಡ ನಗರಕ್ಕಿಂತ ಗಟ್ಟಿ ನೆಲೆಯಾಗಬಹುದು.

3. ಮನೆಯಲ್ಲಿ ಉಳಿಯುವವರ ಹಗಲನ್ನು ಲೆಕ್ಕಕ್ಕೆ ಹಿಡಿಯಿರಿ

ಊರು ಆರಿಸುವಾಗ ಕುಟುಂಬಗಳು ಮರೆಯುವ ಬಹು ದೊಡ್ಡ ಸಂಗತಿ ಇದು. ಕೆಲಸಕ್ಕೆ ಹೋಗುವವರಿಗೆ ಆಫೀಸಿದೆ, ಸಹೋದ್ಯೋಗಿಗಳಿದ್ದಾರೆ, ಹೊತ್ತು ಹೋಗುತ್ತದೆ. ಎಚ್-4 ವೀಸಾದಲ್ಲಿ ಬಂದ ಹೆಂಡತಿ ಅಥವಾ ಗಂಡನಿಗೆ ಕೆಲಸ ಮಾಡುವ ಅನುಮತಿ ಕೂಡಲೇ ಸಿಗುವುದಿಲ್ಲ. 2015ರಿಂದ ಇರುವ ನಿಯಮದ ಪ್ರಕಾರ, ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲಷ್ಟೇ ಅರ್ಜಿ ಹಾಕಬಹುದು. ಅಲ್ಲಿಯವರೆಗಿನ ಹಗಲುಗಳನ್ನು ಅವರು ಕಳೆಯಬೇಕಾದದ್ದು ಆ ಊರಿನ ಜೊತೆ.

ಡಲ್ಲಾಸ್ ಹೊರವಲಯದ ಒಂದು ಮಾಮೂಲಿ ಅಪಾರ್ಟ್‌ಮೆಂಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಲು ಸಿಗುವ ಅಂಗಡಿ ಒಂದು ಮೈಲಿ ಆಚೆ. ಗೇಟು ದಾಟಿ ಸ್ಟ್ರಾಲರ್ ತಳ್ಳಿಕೊಂಡು ಹೊರಟರೆ ಫುಟ್‌ಪಾತ್ ಸ್ವಲ್ಪ ದೂರ ಹೋಗಿ ಹುಲ್ಲಿನಲ್ಲಿ ಕೊನೆಯಾಗುತ್ತದೆ. ಮುಂದೆ ಆರು ಲೇನಿನ ರಸ್ತೆ. ಎಡಕ್ಕೆ ತಿರುಗುವ ಕಾರುಗಳ ನಡುವೆ ಸಿಗ್ನಲ್‌ನ ಗುಂಡಿ ಒತ್ತಿ, ಮಗುವಿನೊಂದಿಗೆ ಜುಲೈ ಬಿಸಿಲಲ್ಲಿ ಕಾಯಬೇಕು. ಮಾರನೆಯ ದಿನ ಅವರು ಹೊರಗೆ ಹೋಗುವುದಿಲ್ಲ. ಹಾಗೇ ತಿಂಗಳುಗಳು ಉರುಳುತ್ತವೆ.

ಆದ್ದರಿಂದ ಮನೆ ನೋಡುವಾಗ ನಡೆದು ಹೋಗುವ ದೂರದಲ್ಲಿ ಮೂರು ಜಾಗ ಹುಡುಕಿ: ಒಂದು ದಿನಸಿ ಅಂಗಡಿ, ಒಂದು ಪಾರ್ಕ್, ಒಂದು ಸಾರ್ವಜನಿಕ ಗ್ರಂಥಾಲಯ. ಅಮೆರಿಕದ ಗ್ರಂಥಾಲಯ ಬರೀ ಪುಸ್ತಕದ ಮನೆಯಲ್ಲ. ಪುಟ್ಟ ಮಕ್ಕಳಿಗೆ ಕಥೆ ಹೇಳುವ ಹೊತ್ತು, ದೊಡ್ಡವರಿಗೆ ಇಂಗ್ಲಿಷ್ ಮಾತಿನ ತರಗತಿ, ಕಂಪ್ಯೂಟರ್, ಪ್ರಿಂಟರ್, ಎಷ್ಟೋ ಕಡೆ ಮ್ಯೂಸಿಯಂ ಪಾಸ್ ಕೂಡ ಅಲ್ಲಿ ಸಿಗುತ್ತವೆ. ಅಲ್ಲಿನ ನಿವಾಸಿಗಳಿಗೆ ಸದಸ್ಯತ್ವ ಸಾಮಾನ್ಯವಾಗಿ ಉಚಿತ. ಹೊಸಬರಿಗೆ ಮೊದಲ ಸ್ನೇಹಿತರು ಸಿಗುವುದು ಬಹಳ ಸಲ ಅಲ್ಲಿಯೇ.

4. ಕಾರಿಲ್ಲದೆ ಒಂದು ವಾರ ಕಳೆಯಬಹುದೇ?

ನ್ಯೂಯಾರ್ಕ್‌ನ ಸಬ್‌ವೇ ರಾತ್ರಿಯಿಡೀ ಓಡುತ್ತದೆ. ಬಾಸ್ಟನ್, ಷಿಕಾಗೊ, ವಾಷಿಂಗ್ಟನ್, ಫಿಲಡೆಲ್ಫಿಯಾ, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲೂ ಕಾರಿಲ್ಲದೆ ಬದುಕು ಸಾಗುತ್ತದೆ. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಸುಮಾರು 4 ಲಕ್ಷ ಜನರಿದ್ದರೂ ಮಾಮೂಲಿ ಸಿಟಿ ಬಸ್ಸಿನ ವ್ಯವಸ್ಥೆಯಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ವ್ಯಾನ್ ಬರುತ್ತದೆ. ಅಂಥ ಊರಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಕಾರು ಬೇಕಾಗುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ವಿಮೆಯೂ ದುಬಾರಿ.

ಮಧ್ಯದ ದಾರಿಯೊಂದಿದೆ: ರೈಲು ನಿಲ್ದಾಣದ ಹತ್ತಿರದ ಉಪನಗರ. ನ್ಯೂಜೆರ್ಸಿಯಲ್ಲಿ ಎಡಿಸನ್, ಮೆಟ್ರೋಪಾರ್ಕ್ ನಿಲ್ದಾಣದ ಸುತ್ತಮುತ್ತ, ಜೆರ್ಸಿ ಸಿಟಿ, ಷಿಕಾಗೊ ಬಳಿಯ ನೇಪರ್‌ವಿಲ್ ಇಂಥವು. ನಿಲ್ದಾಣ ಇದ್ದರೆ ಸಾಲದು; ಭಾನುವಾರದ ವೇಳಾಪಟ್ಟಿಯನ್ನೂ ತೆರೆದು ನೋಡಿ. ವಾರದ ದಿನ 20 ನಿಮಿಷಕ್ಕೊಂದು ಬರುವ ಬಸ್ಸು ಭಾನುವಾರ ಬರದೇ ಇರಬಹುದು.

5. ಸಂಬಳದ ಜೊತೆ ಬಾಡಿಗೆ, ತೆರಿಗೆ ಎರಡನ್ನೂ ಓದಿ

ಟೆಕ್ಸಾಸ್, ಫ್ಲಾರಿಡಾ, ವಾಷಿಂಗ್ಟನ್, ಟೆನೆಸ್ಸಿ ಸೇರಿ ಒಂಬತ್ತು ರಾಜ್ಯಗಳು ಸಂಬಳದ ಮೇಲೆ ರಾಜ್ಯ ಆದಾಯ ತೆರಿಗೆ ಹಾಕುವುದಿಲ್ಲ. ಅಷ್ಟಕ್ಕೇ ಮರುಳಾಗಬೇಡಿ. ರಾಜ್ಯ ತನ್ನ ಖರ್ಚನ್ನು ಬೇರೆ ದಾರಿಯಲ್ಲಿ ವಸೂಲು ಮಾಡುತ್ತದೆ. ಟೆಕ್ಸಾಸ್‌ನಲ್ಲಿ ಸ್ವಂತ ಮನೆ ಮಾಡಿದರೆ ಹಲವೆಡೆ ಅದರ ಬೆಲೆಯ ಸುಮಾರು ಶೇ 2ರಷ್ಟು ಆಸ್ತಿ ತೆರಿಗೆ ಪ್ರತಿ ವರ್ಷ ಕಟ್ಟಬೇಕು. ಟೆನೆಸ್ಸಿಯಲ್ಲಿ ಮಾರಾಟ ತೆರಿಗೆ ಜಾಸ್ತಿ.

ಕೆಲವು ನಗರಗಳಿಗೆ ತಮ್ಮದೇ ತೆರಿಗೆಯೂ ಇದೆ. ಜೆರ್ಸಿ ಸಿಟಿಯಲ್ಲಿ ಮನೆ ಮಾಡಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುವವರು ನ್ಯೂಯಾರ್ಕ್ ರಾಜ್ಯಕ್ಕೆ ತೆರಿಗೆ ಕಟ್ಟಬೇಕು, ಆದರೆ ನ್ಯೂಯಾರ್ಕ್ ನಗರದ ಆದಾಯ ತೆರಿಗೆ ಅವರಿಗಿಲ್ಲ. ಫಿಲಡೆಲ್ಫಿಯಾ ಹಾಗಲ್ಲ, ಹೊರಗಿನಿಂದ ಬಂದು ಆಫೀಸಿನಲ್ಲಿ ದುಡಿಯುವವರ ಸಂಬಳದಿಂದಲೂ ಪಾಲು ತೆಗೆದುಕೊಳ್ಳುತ್ತದೆ. ತೆರಿಗೆ, ಬಾಡಿಗೆ, ಕಾರು, ಆರೋಗ್ಯ ವಿಮೆ, ಡೇಕೇರ್ ಎಲ್ಲ ಕಳೆದು ತಿಂಗಳ ಕೊನೆಗೆ ಉಳಿಯುವ ಮೊತ್ತವನ್ನು ಊರಿಂದೂರಿಗೆ ಹೋಲಿಸಿ. ಕಷ್ಟಕಾಲಕ್ಕೆ ಆಗುವುದು ಆ ಉಳಿತಾಯವೇ.

6. ಶಾಲೆಯನ್ನು ಊರಿನ ಹೆಸರಿನಿಂದ ನಿರ್ಧರಿಸಬೇಡಿ

ಸರ್ಕಾರಿ ಶಾಲೆಯ ಪ್ರವೇಶ ಹೆಚ್ಚಿನ ಕಡೆ ಮನೆಯ ವಿಳಾಸದ ಮೇಲೆ ನಿಂತಿದೆ. ಶಾಲಾ ಜಿಲ್ಲೆಯ ಗಡಿಗೂ ಊರಿನ ಗಡಿಗೂ ತಾಳೆಯಾಗಬೇಕೆಂದಿಲ್ಲ. ಪಶ್ಚಿಮ ಸ್ಯಾನ್ ಹೊಸೆಯ ಎಷ್ಟೋ ಮನೆಗಳ ಮಕ್ಕಳು ಕ್ಯುಪರ್ಟಿನೋ ಶಾಲಾ ಜಿಲ್ಲೆಗೆ ಸೇರುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆ ನಂಬರಿನ ಸಮೇತ ವಿಳಾಸ ಕೊಟ್ಟು, ಯಾವ ಶಾಲೆ ಎಂದು ಶಾಲಾ ಜಿಲ್ಲೆಯ ಕಚೇರಿಯಲ್ಲೇ ಕೇಳಿ. ದಲ್ಲಾಳಿಯ ಮಾತಿನ ಮೇಲೆ ಹೋಗಬೇಡಿ.

ಅಂಕದ ರೇಟಿಂಗ್ ಒಂದನ್ನೇ ನೋಡಬೇಡಿ. ಹೊಸ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಿಕ್ಷಕರಿದ್ದಾರೆಯೇ, ವರ್ಷದ ಮಧ್ಯೆ ಬಂದ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳಿ. ಶಾಲೆಗೆ ಸೇರಿಸುವ ವಯಸ್ಸೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ರೊಳಗೆ ಐದು ತುಂಬಬೇಕು. ನ್ಯೂಯಾರ್ಕ್ ನಗರದಲ್ಲಿ ಡಿಸೆಂಬರ್ 31ರೊಳಗೆ ತುಂಬಿದರೂ ಸಾಕು.

7. ಊರನ್ನು ಅದರ ಕೆಟ್ಟ ತಿಂಗಳಲ್ಲಿ ನೋಡಿ

ಮಿನಿಯಾಪೊಲಿಸ್ ಜೂನ್‌ನಲ್ಲಿ ಸ್ವರ್ಗ. ಜನವರಿಯಲ್ಲಿ ಪೇಟೆಯ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳ ಒಳಗೇ ಓಡಾಡುತ್ತಾರೆ. ಫೀನಿಕ್ಸ್‌ನಲ್ಲಿ ಡಿಸೆಂಬರ್ ಹಿತ; 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಸಿಯಾಟಲ್‌ನಲ್ಲಿ ಹಿಮ ಕಡಿಮೆ, ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಹಗಲೂ ಮೋಡದ್ದೇ. ಹೋಗಿ ನೋಡಲು ಆಗದಿದ್ದರೆ ಅಲ್ಲಿರುವವರಿಗೆ ಫೋನ್ ಮಾಡಿ, ‘ಊರು ಹೇಗಿದೆ’ ಎನ್ನುವ ಬದಲು ‘ಫೆಬ್ರುವರಿಯಲ್ಲಿ ಮಕ್ಕಳು ಎಲ್ಲಿ ಆಡುತ್ತಾರೆ’ ಎಂದು ಕೇಳಿ.

8. ನೀರು, ಬೆಂಕಿ, ಗಾಳಿ ಮತ್ತು ವಿಮೆ

2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಮೇಲೆ ಮಳೆ ಸುರಿಸಿದಾಗ, ನಕ್ಷೆಯಲ್ಲಿ ಪ್ರವಾಹದ ಅಪಾಯ ಹೆಚ್ಚಿಲ್ಲ ಎಂದಿದ್ದ ಸಾವಿರಾರು ಮನೆಗಳೂ ಮುಳುಗಿದವು. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ಪ್ರವಾಹ ವಿಮೆ ಬೇರೆ ಕೊಳ್ಳಬೇಕು; ಸರ್ಕಾರಿ ಯೋಜನೆಯಲ್ಲಿ ಅದು ಜಾರಿಗೆ ಬರುವುದು ಸಾಮಾನ್ಯವಾಗಿ 30 ದಿನಗಳ ನಂತರ. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪಕ್ಕೆ ಬೇರೆ ವಿಮೆ. ಕಾಳ್ಗಿಚ್ಚಿನ ಪ್ರದೇಶಗಳಲ್ಲಿ ವಿಮೆ ಸಿಗುವುದೇ ಕಷ್ಟ. ಫ್ಲಾರಿಡಾದಲ್ಲಿ ಮನೆ ಅಗ್ಗವೆನಿಸಿದರೆ ವಿಮೆಯ ಕಂತನ್ನು ಕೂಡಿಸಿ ನೋಡಿ. ವಿಳಾಸ ಕೊಟ್ಟರೆ ಪ್ರವಾಹ ನಕ್ಷೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

9. ನಮ್ಮವರೂ ಬೇಕು, ಪಕ್ಕದ ಮನೆಯವರೂ ಬೇಕು

ಕನ್ನಡಿಗರಿಗೆ ಅಮೆರಿಕ ಪೂರ್ತಿ ಪರದೇಶವಲ್ಲ. ನ್ಯೂಜೆರ್ಸಿಯಲ್ಲಿ ಬೃಂದಾವನ, ಷಿಕಾಗೊದಲ್ಲಿ ವಿದ್ಯಾರಣ್ಯ, ವಾಷಿಂಗ್ಟನ್ ಬಳಿ ಕಾವೇರಿ, ಅಟ್ಲಾಂಟಾದಲ್ಲಿ ನೃಪತುಂಗ, ಡೆಟ್ರಾಯಿಟ್ ಬಳಿ ಪಂಪ, ಸಿಯಾಟಲ್‌ನಲ್ಲಿ ಸಹ್ಯಾದ್ರಿ ಎಂಬ ಕನ್ನಡ ಸಂಘಗಳಿವೆ. ಹಲವು ಸಂಘಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತವೆ. ಹೋಗುವ ಮೊದಲೇ ಸಂಘದವರನ್ನು ಸಂಪರ್ಕಿಸಿ. ಮನೆ, ಶಾಲೆ, ಡಾಕ್ಟರ ಬಗ್ಗೆ ಅವರಷ್ಟು ಬಿಚ್ಚುಮನಸ್ಸಿನಿಂದ ಹೇಳುವವರು ಸಿಗುವುದು ಕಷ್ಟ.

ಆದರೆ ಸಂಘ ಸೇರುವುದು ಯುಗಾದಿಗೆ, ರಾಜ್ಯೋತ್ಸವಕ್ಕೆ. ನಡುರಾತ್ರಿ ಜ್ವರಕ್ಕೆ ಬಾಗಿಲು ತಟ್ಟಬೇಕಾದದ್ದು ಪಕ್ಕದ ಮನೆಯನ್ನು. ಅಲ್ಲಿರುವವರು ಮೆಕ್ಸಿಕೊದವರೋ, ವಿಯೆಟ್ನಾಂನವರೋ, ಹುಟ್ಟಾ ಅಮೆರಿಕನ್ನರೋ, ಹೊಸಬರನ್ನು ಕಂಡರೆ ಮಾತಾಡಿಸುವ ಬೀದಿಯನ್ನು ಆರಿಸಿ.

ವಯಸ್ಸಾದ ಅಪ್ಪ ಅಮ್ಮ ಬರುವವರಿದ್ದರೆ ವಿಮಾನ ನಿಲ್ದಾಣವನ್ನೂ ಗಮನಿಸಿ. ಬೆಂಗಳೂರಿನಿಂದ ಒಮ್ಮೆ ಮಾತ್ರ ವಿಮಾನ ಬದಲಿಸಿ ತಲುಪುವ ಊರಿಗೂ, ಎರಡು ಮೂರು ಸಲ ಬದಲಿಸಬೇಕಾದ ಊರಿಗೂ ಅವರ ಪಾಲಿಗೆ ಅಜಗಜಾಂತರ.

10. ಒಂದು ವರ್ಷ ಬಾಡಿಗೆ ಮನೆ, ಆಮೇಲೆ ಸ್ವಂತ ಮನೆ

ಹೊಸಬರಿಗೆ ಕ್ರೆಡಿಟ್ ಸ್ಕೋರ್ ಇರುವುದಿಲ್ಲ. ಮಾಲೀಕರು ಸಾಮಾನ್ಯವಾಗಿ ಬಾಡಿಗೆಯ ಮೂರು ಪಟ್ಟು ಆದಾಯ ಕೇಳುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕೆನ್ನುವವರು ಬಹಳ. ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿರಲಿ. ಮನೆ ನೋಡದೆ, ಮಾಲೀಕರು ಯಾರೆಂದು ಖಚಿತವಾಗದೆ ಭಾರತದಿಂದ ಹಣ ಕಳಿಸಲೇಬೇಡಿ. ಅವಧಿಗೆ ಮೊದಲೇ ಮನೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಷರತ್ತನ್ನು ಸಹಿಗೆ ಮೊದಲು ಓದಿ. ಒಂದು ಸುತ್ತು ನಾಲ್ಕೂ ಕಾಲ ಕಂಡ ಮೇಲೆ ಮನೆ ಕೊಳ್ಳುವ ಮಾತು.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಮನಸ್ಸಿನಲ್ಲಿರುವ ಮೂರು ಊರುಗಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಕೆಲಸ ಹೋದರೆ ಎಲ್ಲಿ ಹುಡುಕುತ್ತೇವೆ? ಮಗುವಿಗೆ ಹುಷಾರು ತಪ್ಪಿದರೆ ಯಾರನ್ನು ಕರೆಯುತ್ತೇವೆ? ಕಾರು ಕೆಟ್ಟರೆ ಹೇಗೆ ಓಡಾಡುತ್ತೇವೆ? ಈ ಉತ್ತರಗಳನ್ನು ಮನೆಯವರೆಲ್ಲ ಕೂತು ಬರೆಯಬೇಕು, ಸಂಬಳ ತರುವವರೊಬ್ಬರೇ ಅಲ್ಲ. ಮೂರಕ್ಕೂ ಉತ್ತರವಿರುವ ಊರಿಗೆ ಸಂಬಳ ಸ್ವಲ್ಪ ಕಡಿಮೆಯಾದರೂ ಧೈರ್ಯವಾಗಿ ಹೋಗಿ. ಹೋದ ಮೇಲೂ ಒಗ್ಗದಿದ್ದರೆ ಊರು ಬದಲಿಸಲು ಸಂಕೋಚ ಬೇಡ. ಅಮೆರಿಕದವರೇ ಕೆಲಸಕ್ಕಾಗಿ, ಮಕ್ಕಳಿಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಲೇ ಇರುತ್ತಾರೆ. ನಿಮಗೂ ಆ ಹಕ್ಕಿದೆ.